ಅರ್ಧ ಕೇಜಿ ಕಡಲೆಕಾಯಿ, ಮುನ್ನೂರೈವತ್ತು ಗ್ರಾಂ ಇಂಜಿನಿಯರಿಂಗು

ಮೊದಲು ಒಂದು ಒಗಟು. ಅರ್ಧ ಕೇಜಿ ಕಡಲೆಕಾಯಿ ಮೆಷಿನ್ನಿಗೆ ಹಾಕಿದ್ರು. ಕೆಳಗೆ ಬಂದ ಬೀಜ, ಸಿಪ್ಪೆ ಎರಡನ್ನೂ ಒಂದು ಚೂರೂ ಚೆಲ್ಲದೆ ಹಿಡಿದು ತೂಗಿದ್ರು. ಮುನ್ನೂರೈವತ್ತು ಗ್ರಾಂ. ಉಳಿದ ನೂರೈವತ್ತು ಎಲ್ಲಿ ಹೋಯ್ತು? ತಲೆ ಕೆರ್ಕೋಬೇಡಿ. ಇಂಜಿನಿಯರಿಂಗ್ ಮೇಷ್ಟ್ರ ಕೈಲೇ ಆಗ್ಲಿಲ್ಲ.

ಚಾಮರಾಜಪೇಟೆಯಲ್ಲಿ ನಮ್ಮ ಸೋದರಮಾವಂದು ಲೇತ್ ಅಂಗಡಿ. ಎಸ್ಸೆಸ್ಸೆಲ್ಸಿ ಗಣಿತ ನನ್ನನ್ನ ಎರಡು ಸಲ ಒದ್ದು ಆಚೆ ಹಾಕಿದ ಮೇಲೆ ಅಲ್ಲೇ ವೆಲ್ಡಿಂಗ್ ಮಾಡ್ಕೊಂಡಿದೀನಿ. ಕಾಲೇಜಲ್ಲಿ ಪ್ರಾಜೆಕ್ಟನ್ನ ಹುಡುಗರು ಕೈಯಾರೆ ಮಾಡಬೇಕು ಅಂತ ರೂಲ್ಸಂತೆ. ಅದಕ್ಕೇ ನಮ್ಮಂಗಡಿಗೆ ಬರ್ತಾರೆ. ಕೈ ನಂದು, ಸಹಿ ಅವರದು. ಹಿಂಗಾಗಿ ಇಂಥವು ವರ್ಷಾವರ್ಷ ಆಗ್ತಾನೇ ಇರ್ತವೆ.

ಡ್ರಾಯಿಂಗು

ಈ ಸಲ ಬಂದವನು ಒಬ್ಬ ಕನ್ನಡಕದಣ್ಣ. ಹಿಂದೆ ಬರೀ ತಲೆಯಾಡಿಸೋ ಇಬ್ಬರು. ಕಡಲೆಕಾಯಿ ಸುಲಿಯೋ ಮೆಷಿನ್ ಆಗಬೇಕಿತ್ತು.

"ಹೋದ ವರ್ಷ ಪ್ರಾಜೆಕ್ಟಲ್ಲೇ ಡುಮ್ಕಿ ಮಗಾ," ಅಂದ. "ಈ ಸಲನೂ ಹೋದ್ರೆ ಮುಂದಿನ ವರ್ಷ ನನ್ನ ತಂಗಿ, ನಾನು ಒಂದೇ ಕ್ಲಾಸು. ಅಮ್ಮ ಈಗ್ಲೇ, ಅವಳ ನೋಟ್ಸ್ ಇಸ್ಕೊಂಡು ಓದ್ಕೋ ಅಂತಿದಾಳೆ."

ಪಾಪ ಅನ್ನಿಸ್ತು. ಡ್ರಾಯಿಂಗ್ ಬಿಡಿಸಿ ನೋಡಿದೆ. ಅಳತೆ ಇದೆ, ಮುಂದೆ ಏನೂ ಬರೆದಿಲ್ಲ. "ಅಣ್ಣಾ, ಇದು ಮಿಲಿಮೀಟರಾ, ಇಂಚಾ?"

ಕನ್ನಡಕದಣ್ಣ ಹೇಳಿದ, "ನಿಮ್ಮ ಹತ್ರ ಯಾವುದು ಸ್ಟಾಕ್ ಇದೆಯೋ ಅದರಲ್ಲೇ ಮಾಡು ಗುರು."

ಇಂಚು ಅಂತ್ಲೇ ಹಿಡಿದು ನಾನು ಬಟ್ಟೆ ಬೀರುವಿನಷ್ಟು ದೊಡ್ಡದೊಂದು ಡಬ್ಬ ಮಾಡಿಟ್ಟೆ.

ಸೆನ್ಸರು

ಇವರ ಗೈಡ್ ಮೇಷ್ಟ್ರು ಒಂದು ದಿನ ಅಂಗಡಿಗೇ ಬಂದ್ರು. ಡಬ್ಬದ ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಇದರಲ್ಲಿ ಸ್ಮಾರ್ಟ್ ಅನ್ನೋದು ಏನಿದೆ?" ಅಂದ್ರು.

ಗಣೇಶನ ಪೆಂಡಾಲಿಂದ ಉಳಿದಿದ್ದ ಸೀರಿಯಲ್ ಲೈಟನ್ನ ಸುಮ್ನೆ ತಮಾಷೆಗೆ ಅಂತ ನಾನು ಡಬ್ಬಕ್ಕೆ ಸುತ್ತಿದ್ದೆ. ಸ್ವಿಚ್ ಹಾಕಿದೆ. "ಸೆನ್ಸರ್ ಸರ್."

"ಏನನ್ನ ಸೆನ್ಸ್ ಮಾಡುತ್ತೆ?"

"ಕರೆಂಟ್ ಇದೆಯಾ ಇಲ್ವಾ ಅಂತ ಸರ್."

ಮೇಷ್ಟ್ರು "ಗುಡ್" ಅಂತ ಬರ್ಕೊಂಡು ಹೋದ್ರು.

ಟ್ರಯಲ್ಲು

ಮೊದಲನೇ ಸಲ ಓಡಿಸಿದಾಗ ಸಿಪ್ಪೆ ಸಮೇತ ಪುಡಿಯಾಗಿ ಬಂತು. ಮಾವ ಒಂದು ಚಿಟಿಕೆ ಬಾಯಿಗೆ ಹಾಕ್ಕೊಂಡು, "ಉಪ್ಪು ಕಮ್ಮಿ ಕಣ್ರೋ," ಅಂದ. ರೋಲರ್ ಸಡಿಲ ಮಾಡಿದ್ವಿ. ಈಗ ಕಾಯಿ ಹೋದಂಗೇ ವಾಪಸ್ ಬಂತು. "ನೋಡೋ, ಎಷ್ಟು ಮರ್ಯಾದೆಯಿಂದ ಕಳಿಸಿಕೊಡ್ತಿದೆ!" ಅಂದ ಮಾವ.

ವೈವಾ ದಿನ ಬೆಳಗ್ಗೆ ರೋಲರಿನ ರಬ್ಬರೇ ಕಿತ್ತೋಯ್ತು. ಕನ್ನಡಕದಣ್ಣ ಅಂಗಡಿ ಮೆಟ್ಟಿಲ ಮೇಲೆ ಕುಸಿದು ಕೂತ. "ಮುಗೀತು. ಇನ್ಮೇಲೆ ತಂಗಿ ಪಕ್ಕದ ಬೆಂಚೇ ಗತಿ."

"ಅಣ್ಣಾ, ಅಳಬೇಡ," ಅಂದೆ. "ಒಳಗೆ ನಾನು ಕೂತ್ಕೋತೀನಿ."

ವೈವಾ

ಪ್ಲಾನು ಸಲೀಸು. ಸುಲಿದ ಬೀಜ, ಸಿಪ್ಪೆ ಸೇರಿ ಸರಿಯಾಗಿ ಅರ್ಧ ಕೇಜಿ ತೂಗಿ, ಕಾಲೇಜಲ್ಲಿ ಡಬ್ಬ ಇಳಿಸಿದ ಮೇಲೆ ಅದನ್ನ ಮಡಿಲಲ್ಲಿಟ್ಕೊಂಡು ಒಳಗೆ ಕೂರೋದು. ಸದ್ದಿಗೆ ಅಂತ ಮೋಟರ್ ಖಾಲಿ ಓಡ್ತಿರುತ್ತೆ. ಮೇಲಿಂದ ಕಾಯಿ ಬಿದ್ರೆ ನಾನು ಹಿಡ್ಕೊಂಡು, ಕೆಳಗಿನ ತೂತಲ್ಲಿ ಸುಲಿದಿದ್ದನ್ನ ತಳ್ಳಬೇಕು.

ಬೇರೆ ಕಾಲೇಜಿಂದ ಪರೀಕ್ಷೆ ಮಾಡೋಕೆ ಬರಬೇಕಾದ ಸಾಹೇಬ್ರು ಹತ್ತು ಗಂಟೆಗೆ ಅಂದವರು ಬಂದಿದ್ದು ಒಂದೂವರೆಗೆ. ಕತ್ತಲ ಡಬ್ಬ, ಹಸಿದ ಹೊಟ್ಟೆ, ಮಡಿಲ ತುಂಬ ಕಡಲೆಬೀಜ. ನೀವಾಗಿದ್ರೆ ಏನ್ ಮಾಡ್ತಿದ್ರಿ?

ಒಗಟು ಬಿಡಿಸಿದ್ರಲ್ಲ?

ಸಾಹೇಬ್ರು ತೂಗಿಸಿದ್ರು. "ಏನ್ರೀ ಇದು, ನೂರೈವತ್ತು ಗ್ರಾಂ ಕಮ್ಮಿ! ಎಲ್ಲಿ ಹೋಯ್ತು?"

ಕನ್ನಡಕದಣ್ಣ ಹೇಳಿದ್ದು ನನಗೆ ಒಳಗಿಂದಲೇ ಕೇಳಿಸ್ತು. "ತೇ... ತೇವಾಂಶ ಸರ್. ಆವಿಯಾಗಿದೆ."

ಅದೇ ಹೊತ್ತಿಗೆ ನನಗೊಂದು ತೇಗು ಬಂತು. ಸಾಹೇಬ್ರು ಮುಚ್ಚಳ ತೆಗೆದ್ರು. "ಯಾರಯ್ಯ ನೀನು?"

"ಮೋಟರ್ ಸರ್."

"ಎಷ್ಟು ಹೆಚ್ಪಿ?"

"ಊಟ ಆಗಿಲ್ಲ ಸರ್, ಈಗ ಸ್ವಲ್ಪ ಕಮ್ಮಿ."

ಸಾಹೇಬ್ರು ಹೊಟ್ಟೆ ಹಿಡ್ಕೊಂಡು ನಕ್ಕು, "ಈ ತಂಡದಲ್ಲಿ ಕೈಯಾರೆ ಕೆಲಸ ಮಾಡಿರೋದು ಇವನೊಬ್ನೇ," ಅಂತ ಎಲ್ಲರನ್ನೂ ಪಾಸ್ ಮಾಡಿದ್ರು.

ಸರಿ, ಒಪ್ಕೋತೀನಿ. ತೇಗಿಂದ ಈಚೆಗೆಲ್ಲ ನಾನೇ ಕಟ್ಟಿದ್ದು. ಅಂಗಡೀಲಿ ಹಿಂಗೆ ಹೇಳಿದ್ರೆ ಚೆನ್ನಾಗಿ ನಗ್ತಾರೆ. ನಿಜವಾಗಿ ಸಾಹೇಬ್ರು ಮುಚ್ಚಳ ಮುಟ್ಟಲೇ ಇಲ್ಲ. "ಹೂಂ, ತೇವಾಂಶ," ಅಂತ ಪಾಸ್ ಮಾಡಿ, ಒಂದು ಹಿಡಿ ಬೀಜ ಬಾಯಿಗೆ ಹಾಕ್ಕೊಂಡು ಊಟಕ್ಕೆ ಹೊರಟ್ರು. ಖುಷೀಲಿ ಕುಣೀತಾ ಆ ಮೂವರು ಹುಡುಗರೂ ಗಾಂಧಿಬಜಾರಿಗೆ ದೋಸೆ ತಿನ್ನೋಕೆ ಓಡಿದ್ರು. ನನ್ನನ್ನ ಮರೆತೇಬಿಟ್ರು.

ಎಷ್ಟೋ ಹೊತ್ತಾದ ಮೇಲೆ ಡಬ್ಬವನ್ನ ಯಾರೋ ಟಕ್ ಟಕ್ ಅಂತ ಬಡಿದ್ರು. ಮುಚ್ಚಳ ತೆರೀತು. ಜಡೆ ಹಾಕಿದ್ದ ಒಬ್ಬ ಹುಡುಗಿ ಬಗ್ಗಿ ನೋಡಿ, "ನಾನು ಕನ್ನಡಕದವನ ತಂಗಿ. ನೀವು ಒಳಗಿರೋದು ಈಗ ನೆನಪಾಗಿ ಫೋನ್ ಮಾಡ್ದ," ಅಂದ್ಲು. "ಮುಂದಿನ ವರ್ಷ ನಮ್ಮದು ತೆಂಗಿನಕಾಯಿ ಸುಲಿಯೋ ಮೆಷಿನ್ನು. ಹಲ್ಲು ಗಟ್ಟಿಯಾಗಿದಾವಾ?"