ಹೀಟರಿನ ಪಿಂಗಾಣಿ ಬಿಲ್ಲೆ

ಹೆಂಡತಿ ಊರಿಗೆ ಹೋದರೆ ಗಂಡನಿಗೆ ಸ್ವಾತಂತ್ರ್ಯ ಎಂದು ಹೇಳಿದ ಮಹಾನುಭಾವನ ಹೆಂಡತಿ ಎರಡು ದಿನಕ್ಕಿಂತ ಹೆಚ್ಚು ಹೋಗಿರಲಿಕ್ಕಿಲ್ಲ. ನನ್ನ ಶಾಂಭವಿ ಮಗಳು ಅಮೃತಾಳ ಬಾಣಂತನಕ್ಕೆಂದು ಬೆಳಗಾವಿಗೆ ಹೋಗಿ ಐವತ್ತೆರಡು ದಿನಗಳಾಗಿದ್ದವು. (ಎಣಿಸಿದ್ದೇನೆಂದು ಆಕೆಗೆ ಹೇಳಬೇಡಿ.)

ಹರಪನಹಳ್ಳಿಯ ಪುಷ್ಯಮಾಸದ ಚಳಿಗೆ ನಮ್ಮ ಹಳೆಯ ಗ್ಯಾಸ್ ಹೀಟರೇ ಗತಿ. ಮಿಲಿಟರಿಯಲ್ಲಿದ್ದ ಭಾವಮೈದುನ ಉತ್ತರದಿಂದ ತಂದುಕೊಟ್ಟದ್ದು. ಪ್ರತಿವರ್ಷ ಅದರ ಮುಂದೆ ಕಾಲು ಚಾಚಿ ಕೂತು, ಶೇಂಗಾ ಸುಲಿಯುತ್ತ, ನಾವಿಬ್ಬರೂ ಹಾಯಾಗಿ ಜಗಳವಾಡುತ್ತೇವೆ. ಈ ಸಲ ಒಬ್ಬನೇ ಹಚ್ಚೋಣವೆಂದು ಬಿಚ್ಚಿ ಧೂಳು ಒರೆಸುವಾಗ, ಬೆಂಕಿಗೆ ಕೆಂಪೇರುವ ಪಿಂಗಾಣಿ ಬಿಲ್ಲೆ ಕೈಜಾರಿ ಮೂರು ಹೋಳಾಯಿತು.

ಅಂಟು ಹಚ್ಚಿ ಜೋಡಿಸಿ, ಸ್ಟವ್ ರಿಪೇರಿಯ ಮೌನೇಶನಿಗೆ ತೋರಿಸಿದೆ.

"ಸಾಹೇಬ್ರ, ಇದೇನು ಹರಿದ ಪುಸ್ತಕೇನ್ರಿ ಅಂಟ್ಸಾಕ? ಸೀಳಿದ ಬಿಲ್ಲಿ ಇಟ್ಟು ಹಚ್ಚಿದ್ರ ಬೆಂಕಿ ಹಿಂದಕ್ಕ ಹೊಡಿತೈತಿ. ಮೀಸಿ ಉಳಿಯಂಗಿಲ್ಲ!"

"ಹೆಂಗಾರ ಮಾಡಪ್ಪ. ಆಕಿ ಬರೋದ್ರಾಗ ಇದು ಉರೀಬೇಕು."

ಮೌನೇಶ ದಾವಣಗೆರೆಯ ಗುಜರಿಯಲ್ಲಿ ಸತ್ತ ಹೀಟರೊಂದರಿಂದ ಬಿಲ್ಲೆ ಬಿಚ್ಚಿ ತಂದ. ಉಗುರಿನಷ್ಟು ಉದ್ದ ಹೆಚ್ಚಿತ್ತು. ಅರ ಹಿಡಿದು ಮೆಲ್ಲಗೆ ಉಜ್ಜಿ ಕೂರಿಸಿದ. ನಾನು ಹೆರಿಗೆ ಕೋಣೆಯ ಹೊರಗಿನ ಗಂಡನಂತೆ ಅಡ್ಡಾಡಿದೆ. ಕೊನೆಗೆ ಬಿಲ್ಲೆ ಕೆಂಪಗೆ ಅರಳಿತು. ನನ್ನ ಕಣ್ಣು ಒದ್ದೆಯಾಯಿತು. (ಹೊಗೆ ಇರಲಿಲ್ಲ.)

ಕೂಡಲೇ ಫೋನ್ ಮಾಡಿದೆ. "ಹೀಟರ್ ಕೆಟ್ಟಿತ್ತು. ರಿಪೇರಿ ಮಾಡ್ಸೀನಿ. ಹೊಸಾದ್ರಂಗ ಉರಿತೈತಿ."

"ಹೌದೇನ್ರಿ? ಹಂಗಾರ ನಾಳಿಗೇ ಬರ್ತೀನಿ!"

ಮೂವತ್ತು ವರ್ಷದ ದಾಂಪತ್ಯದಲ್ಲಿ ನಾನು ಬಾಯಿಬಿಟ್ಟು ಕೇಳದೆಯೇ ನನ್ನ ಮನಸ್ಸು ಆಕೆಗೆ ತಿಳಿದದ್ದು ಅದೇ ಮೊದಲು. ಗಡ್ಡ ಹೆರೆದೆ. ಇಸ್ತ್ರಿ ಅಂಗಿ ತೊಟ್ಟೆ. ಎರಡು ಕುರ್ಚಿ ಹಾಕಿದೆ.

ಮರುದಿನ ಸಂಜೆ ಶಾಂಭವಿ ಬಂದವಳೇ ನನ್ನನ್ನು ದಾಟಿ ಹೀಟರಿನ ಮುಂದೆ ನಿಂತಳು.

"ಚಲೋ ಉರಿತೈತಿ ಬಿಡ್ರಿ. ಆ ಬೆಳಗಾವಿ ಮಂಜಿನಾಗ ಕೂಸಿನ ಬಟ್ಟಿ ಒಣಗವಲ್ವು. ಇದನ್ನ ಒಯ್ಯಾಕ ಬಂದೀನಿ."

"ಮತ್ತ ನನಗ ಚಳಿ ಆಗಂಗಿಲ್ಲೇನು?"

"ಕಂಬಳಿ ಐತಲ್ಲ?"

ಬೆಳಿಗ್ಗೆ ಹೀಟರನ್ನು ನಾನೇ ಹೊತ್ತು ಬಸ್ಸು ಹತ್ತಿದೆ. ಶಾಂಭವಿ ಕಿಟಕಿ ಪಕ್ಕ ಕೂತಳು. ಆಕೆಯ ಮಗ್ಗುಲಿನ ಸೀಟು ಖಾಲಿಯಿತ್ತು. ಎದೆ ಗಟ್ಟಿ ಮಾಡಿಕೊಂಡು ಕೇಳಿದೆ: "ನಾನೂ ಬರ್ಲೇನು?"

"ಅಲ್ಲಿ ಹೀಟರ್ ಇಡ್ರಿ. ಮೆತ್ತಗ! ಬಿಲ್ಲಿ ಒಡದೀತು."

ಇಟ್ಟೆ. ಕಂಡಕ್ಟರ್ ಅದಕ್ಕೂ ಒಂದು ಟಿಕೆಟ್ ಹರಿದು, ನನ್ನ ಕಡೆ ತಿರುಗಿ ಹೇಳಿದ: "ಕಳ್ಸಾಕ ಬಂದೋರು ಇಳೀರಿ."