ಹೊಳೆದಂಡೆ ಸೈಟು, ಹುಣಸೆಹಣ್ಣಿನ ಮನೆ

ಸೈಟು ತೋರಿಸೋ ಬ್ರೋಕರನ ಬಾಳಲ್ಲಿ ವ್ಯಾಪಾರ ಕುದುರದ ದಿನ ಬೇಕಾದಷ್ಟು ಇರಬಹುದು, ನಗೆಪಾಟಲಾಗದ ದಿನ ಮಾತ್ರ ಹುಡುಕಿದರೂ ಸಿಗಲ್ಲ. ಅದರಲ್ಲೂ ನಾನಿರೋದು ಕೊರಟಗೆರೆ ತಾಲ್ಲೂಕಿನಲ್ಲಿ, ಜಯಮಂಗಲಿ ಹೊಳೆ ದಂಡೆಯ ಒಂದು ಸಣ್ಣ ಊರಲ್ಲಿ. ಹೊಳೆ ಅಂದ ತಕ್ಷಣ ತೆಪ್ಪ, ಮೀನು, ತಂಗಾಳಿ ಅಂತೆಲ್ಲ ನೆನೆಸ್ಕೋಬೇಡಿ. ನಮ್ಮ ಹೊಳೆ ದೂರದ ನೆಂಟರಿದ್ದಂಗೆ. ಯಾವತ್ತೋ ಬರುತ್ತೆ, ಬಂದರೆ ಸೀದಾ ಮನೆಯೊಳಕ್ಕೇ ಬರುತ್ತೆ. ಮಿಕ್ಕ ಕಾಲವೆಲ್ಲ ಬರೀ ಮರಳು.

ಊರಿಗೆಲ್ಲ ಸೈಟು ತೋರಿಸೋ ನಾನು ಇದ್ದದ್ದು ಬಾಡಿಗೆ ಮನೇಲಿ. ಮನೆ ಶಿರಾದ ಒಬ್ಬ ಸಾಬರದು. ಹುಣಸೆಹಣ್ಣಿನ ವ್ಯಾಪಾರಿ, ಮೊದಲು ಆ ಮನೇನ ಗೋಡೌನು ಮಾಡ್ಕೊಂಡಿದ್ದರು. ಎಷ್ಟು ಸಲ ಸುಣ್ಣ ಹೊಡೆದರೂ ಗೋಡೆಯಿಂದ ಹುಳಿ ವಾಸನೆ ಹೋಗಿಲ್ಲ. "ಸಾರಿಗೆ ಹುಣಸೆಹಣ್ಣು ಹಾಕೋದೇ ಬೇಡ, ಪಾತ್ರೇನ ಗೋಡೆ ಪಕ್ಕ ಇಟ್ಟರೆ ಸಾಕು" ಅಂತಾಳೆ ನನ್ನ ಹೆಂಡತಿ. ಅಂಗಂದರೂ ಅವಳಿಗೆ ಆ ಮನೆ ಅಂದರೆ ಪ್ರಾಣ. ಮದುವೆಯಾಗಿ ಕಾಲಿಟ್ಟಿದ್ದು ಅಲ್ಲಿಗೇ, ಮಗಳಿಗೆ ತೊಟ್ಟಿಲು ಕಟ್ಟಿದ್ದು ಅಲ್ಲೇ, ಹಿತ್ತಲಲ್ಲಿ ನುಗ್ಗೆ ನೆಟ್ಟು ಬೆಳೆಸಿದ್ದೂ ಅವಳೇ. "ಲೋಕಕ್ಕೆಲ್ಲ ಮನೆ ಕೊಡಿಸ್ತೀರ, ನನಗೆ ಇದೊಂದು ಕೊಡಿಸಿ, ಇನ್ನೇನೂ ಕೇಳಲ್ಲ" ಅನ್ನೋದು ಅವಳ ಒಂದೇ ಬೇಡಿಕೆ. ನ್ಯಾಯವಾದ ಬೇಡಿಕೆಯೇ. ಆದರೆ ಅದಕ್ಕೆ ನಾನು ನಾಲ್ಕು ಸೈಟು ಮಾರಬೇಕು. ಮಾರೋಕೆ ಪಕ್ಕದ ಮನೆ ಅಜ್ಜಿ ಬಿಡಬೇಕಲ್ಲ!

ಹೊಳೆ ಎಲ್ಲಿ?

ತುಮಕೂರಿನಿಂದ ಒಬ್ಬರು ಬಂದರು. ಕಪ್ಪು ಕನ್ನಡಕ, ಬಿಳೀ ಕಾರು. ಫೋನಲ್ಲೇ ಹೇಳಿದ್ದರು, "ಬೆಳಿಗ್ಗೆ ಎದ್ದು ಕಿಟಕಿ ತೆಗೆದರೆ ಹೊಳೆ ಕಾಣಬೇಕು, ಅಂಥಾ ಸೈಟು ಬೇಕು." ನಾನು ಸೈಟಿನ ಮೂಲೆ ಕಲ್ಲು ತೋರಿಸಿದೆ, ತೆಂಗಿನ ಮರ ತೋರಿಸಿದೆ. ಅವರು ಸೊಂಟದ ಮೇಲೆ ಕೈಯಿಟ್ಟು ಸುತ್ತ ನೋಡಿದರು.

"ಅದೆಲ್ಲ ಸರಿ, ಹೊಳೆ ಎಲ್ಲಿ?"

ನಾನು ನಯವಾಗಿ ಏನಾದರೂ ಹೇಳೋಣ ಅಂತ ಬಾಯಿ ತೆರೆಯೋದರೊಳಗೆ, ಆಡಿಗೆ ಸೊಪ್ಪು ಹಾಕ್ತಿದ್ದ ಅಜ್ಜಿ ಅಲ್ಲಿಂದಲೇ ಕೂಗಿತು.

"ನೀನು ಕಾರು ನಿಲ್ಸಿದ್ದೀಯಲ್ಲ, ಅದೇಯ ಹೊಳೆ! ಈಗೇನೂ ಬರಾಕಿಲ್ಲ ಬುಡು, ಮೋಡ ಆದ್ರೆ ಮಾತ್ರ ಕಾರು ಎತ್ಕಂಡ್ಬುಡು ಕಣಪ್ಪ!"

ಆಕಾಶದಲ್ಲಿ ಅಂಗೈಯಗಲದ ಒಂದು ಮೋಡ ಇತ್ತು. ಪಾರ್ಟಿ ಅದನ್ನ ನೋಡಿದರು, ಕಾರು ನೋಡಿದರು, ನನಗೆ ನಮಸ್ಕಾರ ಕೂಡ ಹೇಳದೆ ಹೊರಟೇ ಹೋದರು.

ಒಳ್ಳೇ ಮಾತು

ಅವತ್ತು ಸಾಯಂಕಾಲ ಅಜ್ಜಿ ಮುಂದೆ ಕೂತು ಕೈಮುಗಿದೆ. "ಅಜ್ಜೀ, ನಿನ್ನ ದಮ್ಮಯ್ಯ ಅಂತೀನಿ. ಯಾರಾದ್ರೂ ಬಂದು ಊರು ಹೆಂಗೆ ಅಂತ ಕೇಳಿದ್ರೆ ಬರೀ ಒಳ್ಳೇದು ಹೇಳು. ಕೆಟ್ಟದ್ದು ಒಂದೂ ಬೇಡ."

"ನಾನ್ಯಾಕ್ಲಾ ಕೆಟ್ಟದ್ದು ಹೇಳ್ಲಿ? ನೀರು ಕುಡಿದ ಊರು ಕಣ್ಲಾ ಇದು" ಅಂತ ಅಜ್ಜಿ ನೊಂದುಕೊಂಡಿತು.

ಮುಂದಿನ ವಾರ ಮಧುಗಿರಿ ಕಡೆಯಿಂದ ಗಂಡ ಹೆಂಡತಿ ಬಂದರು. ಒಳ್ಳೇ ಜನ, ಸೈಟು ಮೆಚ್ಚಿದರು. ಹೋಗುವಾಗ ಆ ಹೆಣ್ಣುಮಗಳು ಅಜ್ಜಿ ಜಗಲಿ ಮುಂದೆ ನಿಂತು, "ಇಲ್ಲಿ ಕಳ್ಳರ ಕಾಟ ಇದೆಯಾ ಅಜ್ಜಿ?" ಅಂತ ಕೇಳಿದರು.

"ಕಳ್ಳರಾ? ಒಬ್ಬನೂ ಇಲ್ಲ ಕಣಮ್ಮ. ಕದಿಯಾಕೆ ಏನೈತೆ ಇಲ್ಲಿ?"

ನಾನು ಕೆಮ್ಮಿದೆ. ಅಜ್ಜಿ ನನ್ನ ಕಡೆ ನೋಡಿ, ಇನ್ನೂ ಒಳ್ಳೇದು ಬೇಕೇನೋ ಅಂದುಕೊಂಡು ಮುಂದುವರಿಸಿತು.

"ಗಾಳಿ ಅಂತೂ ಭಾಳ ಒಳ್ಳೇದು. ಆಸ್ಪತ್ರೆ ಖರ್ಚೇ ಇಲ್ಲ ಕಣಮ್ಮ, ಅಲ್ಲಿಗೆ ಹೋಗಿ ಸೇರಾದ್ರೊಳಗೆ ಮುಗ್ದೇ ಹೋಗಿರ್ತದೆ!"

ಪಾವಗಡದ ಪಾರ್ಟಿ

ಪಾವಗಡದ ಕಡೆಯ ಒಬ್ಬ ಯಜಮಾನರು ಜೀಪಿನಲ್ಲಿ ಬಂದರು. ಅರ್ಧ ಕನ್ನಡ, ಅರ್ಧ ತೆಲುಗು. ಬಿಸಿಲಲ್ಲಿ ಸೈಟು ಸುತ್ತಿ ಬಾಯಾರಿಕೆ ಅಂದರು. ನಾನು ಬೇಡ ಬೇಡ ಅನ್ನೋದರೊಳಗೆ ಅಜ್ಜಿ ತನ್ನ ಸೇದೋ ಬಾವಿಯಿಂದ ಒಂದು ಚೊಂಬು ನೀರು ತಂದುಕೊಟ್ಟಿತು. ಯಜಮಾನರು ಒಂದು ಗುಟುಕು ಕುಡಿದು ಕಣ್ಣು ಮುಚ್ಚಿದರು. ಚೊಂಬು ಖಾಲಿ ಮಾಡಿ ಇನ್ನೊಂದು ಕೇಳಿದರು. ಆಮೇಲೆ ಜೀಪಿನಿಂದ ಕ್ಯಾನುಗಳನ್ನ ಇಳಿಸಿ ತಾವೇ ಸೇದಿ ಸೇದಿ ತುಂಬಿಸ್ಕೊಂಡರು.

"ಸಾರ್, ಸೈಟಿನ ವಿಚಾರ?" ಅಂದೆ.

"ಸೈಟ್ಲು ಮಾ ಊರ್ಲೋನೂ ಉಂಡಾಯಯ್ಯಾ, ನೀಳ್ಳೇ ಲೇವು" ಅಂದರು. ಸೈಟು ಅವರೂರಲ್ಲೂ ಇವೆಯಂತೆ, ಇಲ್ಲದ್ದು ನೀರಂತೆ. ಜೀಪು ಹೊರಟುಹೋಯಿತು.

ಇವತ್ತಿಗೂ ಅವರು ಈ ಕಡೆ ಬಂದರೆ ಒಂದು ಚೀಲ ಕಡ್ಲೇಕಾಯಿ ತಂದು ಅಜ್ಜಿ ಜಗಲಿ ಮೇಲೆ ಇಟ್ಟು, ನೀರು ತುಂಬಿಸ್ಕೊಂಡು ಹೋಗ್ತಾರೆ. ಕಡ್ಲೇಕಾಯಲ್ಲಿ ನಮಗೂ ಅರ್ಧ ಬರುತ್ತೆ. ಕೊಡುವಾಗ ಅಜ್ಜಿ ಒಂದು ಮಾತು ಹೇಳದೆ ಕೊಡಲ್ಲ: "ನೀನು ಸೈಟು ತೋರ್ಸು, ನಾನು ನೀರು ತೋರ್ಸ್ತೀನಿ. ಯಾರ ಯಾಪಾರ ನಡೀತದೋ ನೋಡನ!"

ಬಲಗಡೆ ಹೂವು

ಹಿಂಗಿರುವಾಗ ಶಿರಾ ಸಾಬರು ಒಂದು ದಿನ ಬಂದು ಜಗಲಿ ಮೇಲೆ ಕೂತರು. ಮಂಡಿ ನೋವು, ಓಡಾಟ ಆಗಲ್ಲ, ಮನೆ ಮಾರಿಬಿಡೋಣ ಅಂತಿದ್ದೀನಿ ಅಂದರು. "ಮೊದಲು ನಿನಗೇ ಕೇಳ್ತಾ ಇದ್ದೀನಿ ಭಾಯ್. ತಗೋತೀಯಾ?"

"ದುಡ್ಡೆಲ್ಲಿದೆ ಸಾಬರೇ, ಒಂದು ಸೈಟೂ ಹೋಗಿಲ್ಲ" ಅಂದೆ. ಒಳಗೆ ಹೆಂಡತಿಯ ಬಳೆ ಸದ್ದು ನಿಂತುಹೋಯಿತು.

"ಹಂಗಾದ್ರೆ ಒಂದು ಒಳ್ಳೇ ಪಾರ್ಟಿ ನೋಡು. ನಂಬಿಕಸ್ಥ ಬ್ರೋಕರು ನೀನಿರೋವಾಗ ಬೇರೆಯವರು ಯಾಕೆ?"

ನೋಡಿ ನನ್ನ ಹಣೇಬರಹ! ನಾನಿರೋ ಮನೇನ ನಾನೇ ಮಾರಬೇಕು. ಸಾಬರು ಒಂದು ದಿನಾನೂ ಬಾಡಿಗೆಗೆ ಬಾಗಿಲು ಬಡಿದೋರಲ್ಲ. ಅಂಥೋರಿಗೆ ಮೋಸ ಮಾಡೋಕಾಗುತ್ತಾ? ಮಧುಗಿರಿಯ ಒಬ್ಬ ರಿಟೈರಾದ ಸಾಹೇಬರನ್ನ ಕರಕೊಂಡು ಬಂದೆ. ಅವರಿಗೆ ಎಲ್ಲಾ ಇಷ್ಟವಾಯಿತು. "ಏನೋ ಹಳೇ ಕಾಲದ ಪರಿಮಳ ಇದೆಯಲ್ರೀ!" ಅಂತ ಹುಣಸೆಹಣ್ಣಿನ ವಾಸನೇನೂ ಮೆಚ್ಚಿಬಿಟ್ಟರು. ಹೆಂಡತಿ ಕಾಫಿ ಕೊಟ್ಟು, ಹಿತ್ತಲಿಗೆ ಹೋಗಿ ನುಗ್ಗೆ ಮರ ಹಿಡ್ಕೊಂಡು ನಿಂತಳು.

ಜೀವನದಲ್ಲಿ ಮೊದಲನೇ ಸಲ, ಅಜ್ಜಿ ಬಂದು ಬಾಯಿ ಬಿಡಲಪ್ಪ ಅಂತ ಬೇಡಿಕೊಂಡೆ. ಹೋಗಿ ನೋಡಿದರೆ ಜಗಲಿ ಖಾಲಿ! ಬೇಡ ಅಂದಾಗೆಲ್ಲ ಬಾಯಿ ಬಿಟ್ಟ ಮುದುಕಿ, ಬೇಕಾದ ದಿನ ನಾಪತ್ತೆ.

ಸಾಹೇಬರು ಅಡ್ವಾನ್ಸು ತೆಗೆದು ಮತ್ತೆ ಜೇಬಿಗೇ ಇಟ್ಟರು. "ಊರಮ್ಮನ ಹೂವು ಕೇಳದೆ ಕೊಡಬೇಡ ಅಂದಿದ್ದಾರೆ ನಮ್ಮ ತಾಯಿ." ನಮ್ಮ ಕಡೆ ಅದು ಇದ್ದದ್ದೇ. ಅಮ್ಮನ ಮೂರ್ತಿಯ ಎರಡೂ ಕಡೆ ನೀರಲ್ಲಿ ಅದ್ದಿದ ಹೂವು ಅಂಟಿಸಿ ಬೇಡಿಕೊಳ್ಳೋದು. ಬಲಗಡೆಯಿಂದ ಬಿದ್ದರೆ ಅಪ್ಪಣೆ, ಎಡಗಡೆಯಿಂದ ಬಿದ್ದರೆ ಬೇಡ ಅಂತ.

ಎಲ್ಲರೂ ಗುಡಿಗೆ ಹೋದೆವು. ಹೆಂಡತಿ ಸೆರಗು ಬಿಗಿಯಾಗಿ ಹಿಡಿದು ಬಂದಳು, ಮಾತುಕತೆಗೆ ಅಂತ ಬಂದಿದ್ದ ಸಾಬರು ಚಪ್ಪಲಿ ಬಿಟ್ಟು ಬಾಗಿಲ ಹತ್ತಿರ ನಿಂತರು. ನೋಡಿದರೆ ಅಜ್ಜಿ ಅಲ್ಲೇ ಕಂಬಕ್ಕೆ ಒರಗಿ ಏನೂ ಅರಿಯದೋರ ಹಂಗೆ ಕೂತಿದೆ. ಪೂಜಾರಪ್ಪ ಮಂಗಳಾರತಿ ಎತ್ತಿ, ಕಣ್ಣು ಮುಚ್ಚಿ ಏನೋ ಗೊಣಗಿದರು. ಎಲ್ಲರೂ ಉಸಿರು ಹಿಡಿದು ನಿಂತೆವು. ಟಪ್ಪಂತ ಬಿತ್ತು ಸೇವಂತಿಗೆ. ಬಲಕ್ಕೆ!

"ಆಯ್ತು, ಅಮ್ಮ ಕೊಟ್ಟಳು!" ಅಂತ ಸಾಹೇಬರು ಜೇಬಿಗೆ ಕೈ ಹಾಕಿದರು. ಹೆಂಡತಿ ಕಣ್ಣು ತುಂಬಿಕೊಂಡಳು. ಪೂಜಾರಪ್ಪ ನಿಧಾನವಾಗಿ ತಿರುಗಿದರು.

"ತಡೀರಿ ಸ್ವಾಮಿ. ನೀವು ಮನಸಲ್ಲೇ ಕೇಳ್ಕಂಡ್ರಿ. ಅಮ್ಮನಿಗೆ ಬಾಯಿಬುಟ್ಟು ಅರಿಕೆ ಮಾಡ್ದೋನು ನಾನು. 'ಈ ಬ್ರೋಕರ ಸಂಸಾರ ಆ ಮನೇಲೇ ಇರ್ಲಾ ತಾಯಿ' ಅಂತ ಕೇಳ್ದೆ. ಬಲಕ್ಕೇ ಕೊಟ್ಟವ್ಳೆ."

"ಇನ್ನೊಂದು ಸಲ ಕೇಳಿ!" ಅಂದರು ಸಾಹೇಬರು.

"ಕೊಟ್ಟ ಮೇಲೆ ಮತ್ತೆ ಕೇಳಿದ್ರೆ ಅಮ್ಮ ಮುನಿಸ್ಕಂತಾಳೆ" ಅಂತು ಕಂಬದ ಕಡೆಯಿಂದ ಒಂದು ದನಿ.

ಸಾಹೇಬರು ಗಲ್ಲ ಗಲ್ಲ ಬಡ್ಕೊಂಡು ಅಡ್ವಾನ್ಸನ್ನ ಜೇಬಲ್ಲೇ ಬಿಟ್ಟರು. ಸಾಬರು ಮಾತ್ರ ಗಡ್ಡ ನೀವಿಕೊಂಡು ನಕ್ಕರು. "ಅರೆ ಭಾಯ್, ಊರ ತಾಯಿ ಹೇಳಿದ ಮೇಲೆ ನಾನು ಇನ್ನೊಬ್ಬರಿಗೆ ಮಾರಿದ್ರೆ ಅನ್ನ ಗಂಟಲಲ್ಲಿ ಇಳಿಯುತ್ತಾ? ಬಾಡಿಗೆ ಕೊಡೋ ಹಂಗೇ ಕೊಡ್ತಾ ಹೋಗು, ತೀರಿದಾಗ ತೀರಲಿ. ಮನೆ ನಿಂದು." ನಾನು ಅವರ ಕೈ ಹಿಡಿದು ಅತ್ತುಬಿಟ್ಟೆ. ಆ ಋಣ ಈ ಜನ್ಮದಲ್ಲಿ ತೀರಿಸೋಕಾಗಲ್ಲ. ಸಾಹೇಬರಿಗೂ ಅನ್ಯಾಯ ಆಗಲಿಲ್ಲ, ಅದೇ ಬೀದಿಯಲ್ಲಿ ಸೈಟು ತಗೊಂಡು ಈಗ ಅಜ್ಜಿ ಬಾವಿ ನೀರೇ ಕುಡೀತಿದ್ದಾರೆ.

ಪತ್ರ ಆದ ದಿನ ಹೆಂಡತಿ ಹೋಳಿಗೆ ಮಾಡಿ ಎಲ್ಲರನ್ನೂ ಕರೆದಳು. ಸಾಬರು ಗೋಡೆ ಮೂಸಿ ನೋಡಿ, "ಮಾಲು ಇನ್ನೂ ಹೋಗಿಲ್ಲ!" ಅಂದರು. ಪೂಜಾರಪ್ಪನ ಎಲೆಗೆ ತುಪ್ಪ ಬಡಿಸ್ತಾ ಹೆಂಡತಿ ಗದ್ಗದವಾಗಿ ಕೇಳಿದಳು, "ಅವತ್ತು ಅಮ್ಮ ಎಡಕ್ಕೆ ಕೊಟ್ಟಿದ್ದಿದ್ರೆ ನಮ್ಮ ಗತಿ ಏನಾಗ್ತಿತ್ತು ಪೂಜಾರಪ್ಪ?"

ಪೂಜಾರಪ್ಪ ಹೋಳಿಗೆ ಮುರೀತಾ ಅಜ್ಜಿ ಕಡೆ ಓರೆಗಣ್ಣಲ್ಲಿ ನೋಡಿದರು.

"ಎಡಕ್ಕೆ ಹೆಂಗಮ್ಮಾ ಕೊಡ್ತಾಳೆ? ಬೆಳಗಾಗೆದ್ದು ಬಂದು ಗುಡಿ ಬಾಗಿಲಲ್ಲೇ ಕುಂತ್ಕಂಡು, ಎಡಗಡೆ ಒಂದು ಹೂವ್ನೂ ಇಡಾಕೆ ಬುಡಲಿಲ್ವಲ್ಲಾ ಈ ಮುದುಕಿ!"