ಭಾವನ ವಾರಪತ್ರಿಕೆ, ಅಕ್ಕನ ಉಪ್ಪಿಟ್ಟು

ನನ್ನ ಭಾವನಿಗೆ ಹುಚ್ಚು ಎಂದು ನಾನು ಹೇಳುವುದಿಲ್ಲ. ಅಕ್ಕ ಹೇಳುತ್ತಾಳೆ, ಅವಳಿಗೆ ಹಕ್ಕಿದೆ. ನಾನು ಕೇಳುವುದಿಷ್ಟೇ: ಮೈಸೂರಿನಲ್ಲಿ ಹುಟ್ಟಿ, ಎಂಜಿನಿಯರಿಂಗ್ ಓದಿ, ಆಕ್ಲೆಂಡಿನ ಮೌಂಟ್ ರಾಸ್ಕಿಲ್‌ನಲ್ಲಿ ಸಂಸಾರ ಹೂಡಿ, ಜಪಾನಿನ ಹುಡುಗರಿಗೆಂದು ಅಚ್ಚಾಗುವ ಕಾಮಿಕ್ಸ್ ವಾರಪತ್ರಿಕೆಯನ್ನು ಆ ಭಾಷೆಯ ಒಂದಕ್ಷರವೂ ಬಾರದೆ ಐವತ್ತು ದಾಟಿದ ಮೇಲೂ 'ಓದುವ' ಇನ್ನೊಬ್ಬ ಮನುಷ್ಯ ಈ ಭೂಮಿಯ ಮೇಲಿದ್ದರೆ ದಯವಿಟ್ಟು ತೋರಿಸಿ!

ಇಟ್ಟಿಗೆಯಷ್ಟು ದಪ್ಪದ ಪತ್ರಿಕೆ ಅದು. ಒರಟು ಹಾಳೆ, ಒಂದಷ್ಟು ಗುಲಾಬಿ, ಒಂದಷ್ಟು ಹಸಿರು. ಜಪಾನಿನಲ್ಲಿ ಅದನ್ನು ಓದಿ ರೈಲಿನಲ್ಲೇ ಬಿಟ್ಟು ಇಳಿಯುತ್ತಾರಂತೆ. ನಮ್ಮ ಭಾವನಾದರೋ ಶನಿವಾರ ಬಸ್ಸು ಹಿಡಿದು ಸಿಟಿಯ ಜಪಾನಿ ಅಂಗಡಿಗೆ ಹೋಗಿ, ಹಡಗಿನಲ್ಲಿ ಬಂದ ಹಳೇ ಸಂಚಿಕೆಯನ್ನು ಕೂಸಿನಂತೆ ಎತ್ತಿಕೊಂಡು ಬರುತ್ತಾರೆ. ಹಿಂದೆ ಬೆಂಗಳೂರಿನ ಕಾರ್ಖಾನೆಯಲ್ಲಿದ್ದಾಗ, ಜಪಾನಿ ಎಂಜಿನಿಯರುಗಳು ಕ್ಯಾಂಟೀನಿನಲ್ಲಿ ಬಿಟ್ಟುಹೋಗುತ್ತಿದ್ದ ಪ್ರತಿಗಳಿಂದ ಅಂಟಿದ ಜಾಡ್ಯ.

ಅದನ್ನು ಬಲದಿಂದ ಎಡಕ್ಕೆ, ನಮ್ಮ ಲೆಕ್ಕದ ಕೊನೆಯ ಪುಟದಿಂದ ಓದಬೇಕು. ಓದಲಿ, ಯಾರು ಬೇಡವೆಂದರು? ಆದರೆ ಒಮ್ಮೆ ಕನ್ನಡ ರಾಜ್ಯೋತ್ಸವದ ನಿರೂಪಣೆ ಇವರ ಪಾಲಿಗೆ ಬಂತು. ಆಮಂತ್ರಣವನ್ನು ಅಭ್ಯಾಸಬಲದಿಂದ ಹಿಂದಿನಿಂದ ತೆರೆದು, ಗಂಭೀರವಾಗಿ "ಈಗ ವಂದನಾರ್ಪಣೆ" ಎಂದುಬಿಟ್ಟರು! ಸಭೆ ಕೃತಜ್ಞತೆಯಿಂದ ಎದ್ದು ಊಟದ ಸಾಲಿಗೆ ನಡೆಯಿತು. ಪ್ರಾರ್ಥನೆಯನ್ನು ಮಕ್ಕಳು ಬಿಸಿಬೇಳೆಬಾತಿನ ಪಾತ್ರೆಯ ಪಕ್ಕ ನಿಂತು ಹಾಡಿದರು. ಅಷ್ಟು ಯಶಸ್ವಿಯಾದ ಕಾರ್ಯಕ್ರಮ ನಮ್ಮವರಲ್ಲಿ ಮತ್ತೆ ನಡೆದಿಲ್ಲ.

ಆಗ ನಾನೂ ಅಕ್ಕನ ಮನೆಯಲ್ಲೇ ಇದ್ದೆ. ಊಟಕ್ಕೆ ಕುಳಿತರೆ ಸಾಕು, ಮಗಳ ಮುಂದೆ ಭಾವ ಪತ್ರಿಕೆಯ ಚರಿತ್ರೆ ಶುರುಮಾಡುತ್ತಿದ್ದರು.

"ಅರವತ್ತರ ದಶಕದ ಕೊನೇಲಿ ಹುಟ್ಟಿದ್ದು ಕಣಮ್ಮ. ಅಷ್ಟು ಹೊತ್ತಿಗೆ ಹೆಸರಾದ ಕಲಾವಿದರೆಲ್ಲ ಬೇರೆ ಪತ್ರಿಕೆಗಳ ಹತ್ರ ಇದ್ರು. ಇವರೇನ್ಮಾಡಿದ್ರು ಹೇಳು? ಯಾರಿಗೂ ಗೊತ್ತಿಲ್ದಿರೋ ಹೊಸಬರನ್ನ ಹಿಡ್ಕೊಂಡ್ ಬಂದ್ರು!"

ಅಕ್ಕನ ಮಗಳು ನಿಧಿ ಇಲ್ಲೇ ಹುಟ್ಟಿದವಳು. ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. "ಡ್ಯಾಡ್, ನೋಬಡಿ ಕೇರ್ಸ್!"

ಆ ಪತ್ರಿಕೆಯಲ್ಲೊಂದು ಪದ್ಧತಿ. ಓದುಗರು ತಮಗೆ ಇಷ್ಟವಾದ ಮೂರು ಕಥೆಗಳನ್ನು ಕಾರ್ಡಿನಲ್ಲಿ ಬರೆದು ಕಳಿಸುತ್ತಾರೆ. ಓಟು ಬೀಳದ ಧಾರಾವಾಹಿಗೆ ಅವಸರದ ಮುಕ್ತಾಯ ಕೊಟ್ಟು ನಿಲ್ಲಿಸಿಬಿಡುತ್ತಾರೆ. ಭಾವ ಇದನ್ನು ಮನೆಗೂ ತಂದರು! ಪ್ರತಿ ಭಾನುವಾರ ಒಬ್ಬೊಬ್ಬರೂ ಮನೆಯಲ್ಲಿ ಆ ವಾರ ಇಷ್ಟವಾದ ಮೂರು ಸಂಗತಿ ಹೇಳಬೇಕು. ತನ್ನದಕ್ಕೆ ತಾನೇ ಓಟು ಹಾಕುವಂತಿಲ್ಲ. ಯಾರ ಬಾಯಲ್ಲೂ ಬಾರದ್ದು ರದ್ದು.

ಮೊದಲ ವಾರ ಅಕ್ಕನ ಉಪ್ಪಿಟ್ಟು ಹೋಯಿತು. "ನಿಮ್ಮ ಜಪಾನಿನವರೇ ಬಂದು ತಿಂಡಿ ಮಾಡ್ಲಿ ಬಿಡಿ" ಎಂದು ಅಕ್ಕ ಎರಡು ದಿನ ಬರೀ ಬ್ರೆಡ್ ಹಾಕಿದಳು. ಆಮೇಲೆ ನನ್ನ ಸಂಗೀತಾಭ್ಯಾಸ ಹೋಯಿತು. ಅದರ ಬಗ್ಗೆ ನಾನು ಮಾತಾಡುವುದಿಲ್ಲ!

2015ರ ಚಳಿಗಾಲದ ಒಂದು ಭಾನುವಾರ, ಭಾವನ ಚರಿತ್ರೆಯ ಹೆಸರನ್ನು ನಮ್ಮ ಮೂವರಲ್ಲಿ ಯಾರೂ ಎತ್ತಲಿಲ್ಲ. ಭಾವ ಎಲ್ಲರ ಮುಖ ನೋಡಿದರು. ನಿಯಮ ಅವರದೇ ತಾನೆ?

"ಸರಿ. ತೊಂಬತ್ತರ ದಶಕದಲ್ಲಿ ಮಾರಾಟ ಮುಗಿಲು ಮುಟ್ತು. ದೊಡ್ಡ ಕಥೆಗಳು ಮುಗಿದ್ವು. ಮಾರಾಟ ಇಳೀತು. ಈಗ ಫೋನಲ್ಲೂ ಬರುತ್ತೆ. ಮುಗೀತು. ಸಾರು ಹಾಕು."

ನಾವು ಬಿದ್ದು ಬಿದ್ದು ನಕ್ಕೆವು. ಮಾರನೆಯ ದಿನ ಭಾವ ತುಟಿ ಬಿಚ್ಚಲಿಲ್ಲ. ಅದರ ಮಾರನೆಯ ದಿನವೂ ಇಲ್ಲ. ಅಕ್ಕನಿಗೆ ತಡೆಯಲಾಗಲಿಲ್ಲ. "ಮಾತಾಡ್ರೀ, ಸಾರು ಸಪ್ಪೆ ಅಂತಾದ್ರೂ ಅನ್ನಿ!"

"ಚೆನ್ನಾಗಿದೆ" ಎಂದರು. ಅಪ್ಪ ಮಗಳ ನಡುವೆ ಇದ್ದ ಒಂದೇ ಮಾತು ಆ ಚರಿತ್ರೆ. ಅವರು ಹೇಳುವುದು, ಇವಳು ಬೈಯುವುದು. ಅದೂ ನಿಂತುಹೋಗಿತ್ತು. ಅಷ್ಟರಲ್ಲಿ ನಿಧಿಗೆ ಕ್ರೈಸ್ಟ್‌ಚರ್ಚ್‌ನ ಹಾರ್ನ್‌ಬಿಯಲ್ಲಿ ಕೆಲಸ ಸಿಕ್ಕಿತು. ಏರ್‌ಪೋರ್ಟಿನಲ್ಲಿ ಭಾವ ಕೇಳಿದ್ದು ಒಂದೇ ಮಾತು: "ಸ್ವೆಟರ್ ಇಟ್ಕೊಂಡ್ಯಾ?"

ಅವಳು ಹೋದ ಮೊದಲ ಭಾನುವಾರ ಊಟದ ಹೊತ್ತಿಗೆ ಫೋನ್ ಬಂತು. ಭಾವ ಹೀಟರ್ ವಿಚಾರಿಸಿದರು, ಫ್ಲಾಟ್‌ಮೇಟ್ ವಿಚಾರಿಸಿದರು. ಇನ್ನೇನು ಫೋನ್ ಇಡಬೇಕು, ಅಷ್ಟರಲ್ಲಿ ನಿಧಿ ಕೇಳಿದಳು: "ಡ್ಯಾಡ್, ಇಟ್ಸ್ ಸಂಡೇ. ನೋ ವೋಟಿಂಗ್?"

"ನೀನಿಲ್ದೆ ಏನ್ ಓಟು?"

"ಐ ವೋಟ್ ಫಾರ್ ಯುವರ್ ಸ್ಟೋರಿ. ಆಲ್ ಥ್ರೀ ವೋಟ್ಸ್."

"ಅದು ಮುಗಿದ್ಹೋಯ್ತಲ್ಲಮ್ಮ."

ನಿಧಿ, ವರ್ಷಗಟ್ಟಲೆ ಅವಳ ಬಾಯಿಂದ ನಮಗೆ ಕೇಳಿಸದಿದ್ದ ಭಾಷೆಯಲ್ಲಿ, ತಡವರಿಸುತ್ತ ಅಂದಳು: "ಮೊದಲಿಂದ ಹೇಳಪ್ಪ. ಬೇಗ ಮುಗಿಸ್ಬೇಡ."

ಅಕ್ಕ ಒಲೆ ಆರಿಸಿ ಬಂದು ಕುಳಿತಳು. ಭಾವ ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು.

"ಅರವತ್ತರ ದಶಕದ ಕೊನೇಲಿ..." ಎಂದರು.

ಆ ಕಡೆಯಿಂದ ನಿಧಿ, ಮಗುವಾಗಿದ್ದಾಗ ಕಥೆ ಕೇಳುತ್ತ ಅನ್ನುತ್ತಿದ್ದ ಹಾಗೇ, "ಹ್ಞೂಂ" ಅಂದಳು.